ಮೂಳೆ ಗಟ್ಟಿಯಾದವರ ರಕ್ತ, ಮೂಳೆ ಸವೆದವರ ಔಷಧಿ: ನಡುವಿನ ಲಾಭ ಯಾರದ್ದು?

2025ರ ವೈದ್ಯಕೀಯ ನೊಬೆಲ್ ಪಡೆದ ಮೂವರಲ್ಲಿ ಅಮೆರಿಕದ ಮೇರಿ ಬ್ರಂಕೋ ಒಬ್ಬರು. ನಮ್ಮ ರೋಗನಿರೋಧಕ ವ್ಯವಸ್ಥೆ ನಮ್ಮದೇ ದೇಹದ ಮೇಲೆ ತಿರುಗಿ ಬೀಳದಂತೆ ನೋಡಿಕೊಳ್ಳುವ ಫಾಕ್ಸ್‌ಪಿ3 ಜೀನ್ ಕುರಿತ ಕೆಲಸಕ್ಕೆ ಆ ಪ್ರಶಸ್ತಿ ಬಂತು. ಅದು 2001ರ ಕೆಲಸ. ಅದೇ ವರ್ಷ ಬ್ರಂಕೋ ಮೊದಲ ಲೇಖಕಿಯಾಗಿದ್ದ ಇನ್ನೊಂದು ಪ್ರಬಂಧವೂ ಪ್ರಕಟವಾಗಿತ್ತು. ಅದು ಮೂಳೆಗೆ ಸಂಬಂಧಿಸಿದ್ದು. ನೊಬೆಲ್ ಸುದ್ದಿಯ ಗದ್ದಲದಲ್ಲಿ ಅದರ ಬಗ್ಗೆ ಹೆಚ್ಚು ಮಾತು ಬರಲಿಲ್ಲ.

ಆದರೆ ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಆ ಎರಡನೇ ಪ್ರಬಂಧ ಚಿಕ್ಕದೇನಲ್ಲ. ಅಲ್ಲಿಂದ ಶುರುವಾದ ಹಾದಿಯಲ್ಲಿ ಹುಟ್ಟಿದ ಒಂದು ಇಂಜೆಕ್ಷನ್, 2023ರಲ್ಲಿ ಒಂದೇ ವರ್ಷಕ್ಕೆ 100 ಕೋಟಿ ಡಾಲರ್‌ಗಿಂತ ಹೆಚ್ಚು ವ್ಯಾಪಾರ ಮಾಡಿದೆ. ಆ ಹಾದಿಯ ಮೊದಲ ಕಲ್ಲು ಯಾರದ್ದು ಅಂತ ಹುಡುಕಿದರೆ ಸಿಗೋದು ವಿಜ್ಞಾನಿಯೂ ಅಲ್ಲ, ಕಂಪನಿಯೂ ಅಲ್ಲ. ದಕ್ಷಿಣ ಆಫ್ರಿಕಾದ ಮತ್ತು ನೆದರ್ಲೆಂಡ್ಸ್‌ನ ಕೆಲವೇ ಕೆಲವು ಕುಟುಂಬಗಳು. ಅವರು ಕೊಟ್ಟಿದ್ದು ರಕ್ತ. ಅವರ ಕಾಯಿಲೆಗೆ ಇವತ್ತಿಗೂ ಔಷಧಿ ಇಲ್ಲ.

ಇದು ಯಾವುದೋ ದೂರದ ದೇಶದ ಕತೆ ಅಂತ ಪಕ್ಕಕ್ಕಿಡೋಕೆ ಆಗಲ್ಲ. ಹತ್ತು ಸಾವಿರ ಭಾರತೀಯರ ಜೀನೋಮ್ ಓದುವ ಯೋಜನೆಯ ಸಮನ್ವಯ ನಡೆದಿದ್ದು ಬೆಂಗಳೂರಿನಿಂದ. ಮೂಳೆ-ಕೀಲಿನ ಆನುವಂಶಿಕ ಕಾಯಿಲೆಗೆ ತನ್ನ ಹೆಸರನ್ನೇ ಕೊಟ್ಟ ಊರು ನಮ್ಮ ಸಾಗರ ತಾಲ್ಲೂಕಿನಲ್ಲಿದೆ. ಹಾಗಾಗಿ ಪ್ರಶ್ನೆ ನಮ್ಮದೂ ಹೌದು: ಒಂದು ಸಮುದಾಯದ ರಕ್ತದಿಂದ ಜ್ಞಾನ ಹುಟ್ಟಿ, ಆ ಜ್ಞಾನದಿಂದ ಲಾಭ ಹುಟ್ಟಿದಾಗ, ರಕ್ತ ಕೊಟ್ಟವರಿಗೆ ಏನು ಸಿಗಬೇಕು?

ಮುರಿಯದ ಮೂಳೆ ಅನ್ನೋ ಶಾಪ

ಮೊದಲು ಮೂಳೆ ಅಂದ್ರೆ ಏನು ಅಂತ ಸ್ವಲ್ಪ ನೋಡೋಣ. ನಾವು ಅಂದುಕೊಂಡಂತೆ ಅದು ಒಮ್ಮೆ ಕಟ್ಟಿ ಬಿಟ್ಟ ಕಂಬ ಅಲ್ಲ. ಯಾವಾಗಲೂ ರಿಪೇರಿ ನಡೆಯುತ್ತಲೇ ಇರುವ ಹಳೇ ಮನೆ. ಆಸ್ಟಿಯೋಕ್ಲಾಸ್ಟ್ ಅನ್ನುವ ಕೋಶಗಳು ಹಳೇ ಮೂಳೆಯನ್ನು ಕೆಡವುತ್ತವೆ. ಆಸ್ಟಿಯೋಬ್ಲಾಸ್ಟ್ ಅನ್ನುವ ಕೋಶಗಳು ಹೊಸದಾಗಿ ಕಟ್ಟುತ್ತವೆ. ದೊಡ್ಡವರ ದೇಹದಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗದಷ್ಟು ಮೂಳೆ ಹೀಗೆ ಹೊಸದಾಗುತ್ತೆ.

ಕಟ್ಟುವ ಕೋಶಗಳಲ್ಲಿ ಕೆಲವು ತಾವೇ ಕಟ್ಟಿದ ಗೋಡೆಯೊಳಗೆ ಸಿಕ್ಕಿಕೊಂಡು ಅಲ್ಲೇ ಉಳಿದುಬಿಡುತ್ತವೆ. ಅವುಗಳ ಹೆಸರು ಆಸ್ಟಿಯೋಸೈಟ್. ಮೂಳೆಯಲ್ಲಿರುವ ಕೋಶಗಳಲ್ಲಿ ಹತ್ತಕ್ಕೆ ಒಂಬತ್ತು ಇವೇ. ಬಹಳ ಕಾಲ ಇವನ್ನು ಕೆಲಸ ಮುಗಿಸಿ ಕೂತ ಕೋಶಗಳು ಅಂದುಕೊಂಡಿದ್ದರು. ಆದರೆ ಇವು ಮೇಸ್ತ್ರಿಗಳು. ಮೂಳೆಯ ಮೇಲೆ ಎಷ್ಟು ಭಾರ ಬೀಳ್ತಿದೆ ಅಂತ ಗ್ರಹಿಸಿ, ಎಷ್ಟು ಕಟ್ಟಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಹೇಳೋದು ಇವುಗಳ ಕೆಲಸ. "ಸಾಕು, ನಿಲ್ಲಿಸಿ" ಅಂತ ಹೇಳೋಕೆ ಇವು ಬಿಡುವ ಪ್ರೋಟೀನ್ ಹೆಸರು ಸ್ಕ್ಲೆರೋಸ್ಟಿನ್. ಅದನ್ನು ತಯಾರಿಸುವ ಸೂಚನೆ ಇರೋದು ನಮ್ಮ 17ನೇ ವರ್ಣತಂತುವಿನಲ್ಲಿರುವ ಸೋಸ್ಟ್ ಎಂಬ ಜೀನ್‌ನಲ್ಲಿ.

"ಸಾಕು" ಅನ್ನೋರೇ ಇಲ್ಲದಿದ್ದರೆ? ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಸಮುದಾಯದಲ್ಲಿ ಕಂಡುಬಂದ ಸ್ಕ್ಲೆರೋಸ್ಟಿಯೋಸಿಸ್ ಕಾಯಿಲೆ ಅದೇ. ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಸೋಸ್ಟ್ ಜೀನ್ ಬಂದ ಮಕ್ಕಳಲ್ಲಿ ಮೂಳೆ ಬೆಳೆಯುತ್ತಲೇ ಹೋಗುತ್ತೆ. ಬಿದ್ದರೂ ಮೂಳೆ ಮುರಿಯಲ್ಲ. ಕೇಳೋಕೆ ಸಿನಿಮಾ ಹೀರೋ ಕತೆ ಥರ ಇದೆ, ಅಲ್ವಾ? ಆದರೆ ತಲೆಬುರುಡೆಯೂ ಮೂಳೆಯೇ. ಅದು ದಪ್ಪವಾದಂತೆ ನರಗಳು ಹೊರಬರುವ ರಂಧ್ರಗಳು ಕಿರಿದಾಗುತ್ತವೆ. ಚಿಕ್ಕ ವಯಸ್ಸಿನಲ್ಲೇ ಮುಖದ ಒಂದು ಭಾಗ ಚಲನೆ ಕಳೆದುಕೊಳ್ಳುತ್ತೆ, ಕಿವಿ ಕೇಳಿಸಲ್ಲ. ಮಿದುಳಿಗೆ ಜಾಗ ಕಮ್ಮಿಯಾಗಿ ಒತ್ತಡ ಏರುತ್ತೆ. ಅದನ್ನು ಇಳಿಸೋಕೆ ಇರುವ ದಾರಿ ತಲೆಬುರುಡೆ ಕೊರೆಯುವ ಶಸ್ತ್ರಚಿಕಿತ್ಸೆ.

ದಕ್ಷಿಣ ಆಫ್ರಿಕಾದ ವೈದ್ಯರು 38 ವರ್ಷಗಳ ಕಾಲ ಇಂಥ 63 ಮಂದಿಯನ್ನು ಗಮನಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಅಷ್ಟರೊಳಗೆ 34 ಮಂದಿ ಸತ್ತಿದ್ದರು. ಅದರಲ್ಲಿ 24 ಸಾವುಗಳಿಗೆ ಕಾರಣ ತಲೆಯೊಳಗಿನ ಒತ್ತಡ. ಸತ್ತವರ ಸರಾಸರಿ ವಯಸ್ಸು 33.

2001ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಈ ಕಾಯಿಲೆಯ ಮೂಲ ಸೋಸ್ಟ್ ಜೀನ್‌ನಲ್ಲಿದೆ ಅಂತ ಕಂಡುಹಿಡಿದವು. ಒಂದು ಬೆಲ್ಜಿಯಂನ ಆಂಟ್‌ವರ್ಪ್‌ನ ತಂಡ. ಇನ್ನೊಂದು ವಾಷಿಂಗ್ಟನ್ ರಾಜ್ಯದ ಬಾಥೆಲ್‌ನಲ್ಲಿದ್ದ ಸೆಲ್‌ಟೆಕ್ ಕಂಪನಿಯ ಪ್ರಯೋಗಾಲಯದ ತಂಡ. ಬ್ರಂಕೋ ಇದ್ದದ್ದು ಅಲ್ಲಿ.

ಜೀನ್ ಸರಿಯಿದೆ, ಸ್ವಿಚ್ ಇಲ್ಲ

ಇಲ್ಲಿಂದ ಕತೆ ಸ್ವಾರಸ್ಯಕರವಾಗುತ್ತೆ. ನೆದರ್ಲೆಂಡ್ಸ್‌ನಲ್ಲಿ ಉರ್ಕ್ ಅಂತ ಮೀನುಗಾರರ ಊರೊಂದಿದೆ. 1939ರವರೆಗೂ ಅದು ದ್ವೀಪ. ಸುತ್ತ ನೀರು, ಒಳಗೊಳಗೇ ಮದುವೆ. ಅಲ್ಲಿನ ಕುಟುಂಬಗಳಲ್ಲಿ ಸ್ಕ್ಲೆರೋಸ್ಟಿಯೋಸಿಸ್ ಅನ್ನೇ ಹೋಲುವ, ಆದರೆ ಸ್ವಲ್ಪ ಸೌಮ್ಯವಾದ ಕಾಯಿಲೆಯೊಂದನ್ನು 1955ರಲ್ಲಿ ವಾನ್ ಬ್ಯುಕೆಮ್ ಎಂಬ ಡಚ್ ವೈದ್ಯರು ವಿವರಿಸಿದ್ದರು. ಇವರಲ್ಲೂ ಸೋಸ್ಟ್ ಜೀನ್ ಕೆಟ್ಟಿರಬೇಕು ಅಂತ ಎಲ್ಲರ ಊಹೆ. ಓದಿ ನೋಡಿದರೆ ಜೀನ್‌ನಲ್ಲಿ ಒಂದಕ್ಷರವೂ ತಪ್ಪಿಲ್ಲ!

2002ರಲ್ಲಿ ಗುಟ್ಟು ಬಯಲಾಯಿತು. ಜೀನ್ ಮುಗಿದ ಮೇಲೆ ಸುಮಾರು 35 ಸಾವಿರ ಡಿಎನ್‌ಎ ಅಕ್ಷರಗಳಷ್ಟು ಆಚೆಗೆ, 52 ಸಾವಿರ ಅಕ್ಷರಗಳ ಒಂದು ತುಂಡೇ ಈ ಕುಟುಂಬಗಳವರಲ್ಲಿ ಮಾಯವಾಗಿತ್ತು. ಆ ತುಂಡಿನಲ್ಲಿ ಯಾವ ಪ್ರೋಟೀನ್‌ಗೂ ಸೂಚನೆ ಇರಲಿಲ್ಲ. ಆಗ ಅಂಥ ಜಾಗಗಳನ್ನು ಕಸದ ಡಿಎನ್‌ಎ ಅಂತ ಕರೆಯುವ ರೂಢಿಯಿತ್ತು. ಮನುಷ್ಯರ ಜೀನೋಮ್‌ನಲ್ಲಿ ಪ್ರೋಟೀನ್ ತಯಾರಿಸುವ ಸೂಚನೆ ಇರೋದು ನೂರಕ್ಕೆ ಎರಡಕ್ಕಿಂತ ಕಡಿಮೆ ಭಾಗದಲ್ಲಿ. ಉಳಿದದ್ದರಲ್ಲಿ ಒಂದು ತುಂಡು ಹೋದರೆ ಮೂಳೆ ಯಾಕೆ ಬೆಳೀಬೇಕು?

ಉತ್ತರ ಹುಡುಕಿದ್ದು ಗೇಬ್ರಿಯೆಲಾ ಲೂಟ್ಸ್ ಎಂಬ ಅಣುಜೀವಶಾಸ್ತ್ರಜ್ಞೆ ಮತ್ತು ಅವರ ಸಹೋದ್ಯೋಗಿಗಳು. ಲೂಟ್ಸ್ ಆಗ ಇದ್ದದ್ದು ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ. ಹೌದು, ಅಮೆರಿಕದ ಅಣ್ವಸ್ತ್ರ ವಿನ್ಯಾಸಕ್ಕೆ ಹೆಸರಾದ ಅದೇ ಸರ್ಕಾರಿ ಲ್ಯಾಬ್. ಅವರು ಮಾಡಿದ್ದು ಇಷ್ಟು. ಸೋಸ್ಟ್ ಜೀನ್ ಮತ್ತು ಅದರ ಅಕ್ಕಪಕ್ಕದ ಮನುಷ್ಯ ಡಿಎನ್‌ಎಯ ದೊಡ್ಡ ತುಂಡನ್ನು ಇಲಿಗಳಿಗೆ ಸೇರಿಸಿದರು. ಕೆಲವು ಇಲಿಗಳಿಗೆ ಪೂರ್ತಿ ತುಂಡು. ಇನ್ನು ಕೆಲವಕ್ಕೆ ಉರ್ಕ್ ಕುಟುಂಬಗಳಲ್ಲಿ ಕಾಣೆಯಾದ ಭಾಗವನ್ನು ಕತ್ತರಿಸಿ ತೆಗೆದ ತುಂಡು. ಪೂರ್ತಿ ತುಂಡು ಸಿಕ್ಕ ಇಲಿಗಳ ಮೂಳೆಯಲ್ಲಿ ಮನುಷ್ಯ ಸೋಸ್ಟ್ ಕೆಲಸ ಮಾಡಿತು. "ಸಾಕು" ಅನ್ನೋ ಸಂದೇಶ ಜಾಸ್ತಿಯಾಗಿ ಮೂಳೆ ಸವೆಯಿತು. ಕತ್ತರಿಸಿದ ತುಂಡು ಸಿಕ್ಕ ಇಲಿಗಳ ಮೂಳೆಯಲ್ಲಿ ಆ ಜೀನ್ ಸದ್ದೇ ಮಾಡಲಿಲ್ಲ.

ಆಮೇಲೆ ಆ 52 ಸಾವಿರ ಅಕ್ಷರಗಳಲ್ಲಿ ಮನುಷ್ಯ ಮತ್ತು ಇಲಿ ಇಬ್ಬರಲ್ಲೂ ಬದಲಾಗದೆ ಉಳಿದ ಭಾಗಗಳು ಯಾವುವು ಅಂತ ಹೋಲಿಸಿ ನೋಡಿದರು. ಕೋಟ್ಯಂತರ ವರ್ಷ ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಪ್ರಾಣಿಗಳಲ್ಲಿ ಒಂದು ಸಾಲು ಹಾಗೇ ಉಳಿದಿದೆ ಅಂದ್ರೆ ಅದಕ್ಕೇನೋ ಕೆಲಸ ಇರಬೇಕು. ಸಿಕ್ಕವುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಇಸಿಆರ್5 ಅಂತ ಹೆಸರಿಟ್ಟ ಪುಟ್ಟ ಭಾಗ ಮೂಳೆ ಕೋಶಗಳಲ್ಲಿ ಜೀನ್ ಅನ್ನು ಆನ್ ಮಾಡುತ್ತಿತ್ತು. ಇದು 2005ರ ಫಲಿತಾಂಶ. 2012ರಲ್ಲಿ ಇದೇ ಗುಂಪು ಇಲಿಗಳಿಂದ ಆ ಇಸಿಆರ್5 ಒಂದನ್ನೇ ತೆಗೆದು ನೋಡಿತು. ಇಲಿಗಳ ಮೂಳೆ ಹೆಚ್ಚಾಯಿತು. ಮೆಫ್2ಸಿ ಎಂಬ ಪ್ರೋಟೀನ್ ಈ ಸ್ವಿಚ್ ಮೇಲೆ ಬೆರಳಿಡುತ್ತೆ ಅನ್ನೋದೂ ಈ ನಡುವೆ ಗೊತ್ತಾಗಿತ್ತು.

ಎಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಅರ್ಥವಾಗುತ್ತೆ. ಪ್ರೋಗ್ರಾಂನ ಕೋಡ್ ಸರಿಯಾಗೇ ಇದೆ, ಕಾನ್ಫಿಗರೇಶನ್ ಫೈಲ್‌ನಲ್ಲಿ ಒಂದು ಸಾಲು ಅಳಿಸಿಹೋಗಿದೆ. ಕೋಡ್ ಎಷ್ಟು ಸಲ ಓದಿದರೂ ತಪ್ಪು ಸಿಗಲ್ಲ. ಮನೆಯಲ್ಲಿ ಬಲ್ಬ್ ಸರಿಯಿದೆ, ವೈರ್ ಸರಿಯಿದೆ, ಇನ್ನೊಂದು ಕೋಣೆಯಲ್ಲಿದ್ದ ಸ್ವಿಚ್ಚನ್ನೇ ಯಾರೋ ಕಿತ್ತುಕೊಂಡು ಹೋಗಿದ್ದಾರೆ.

ರಾಜಕೀಯದ ವಿಷಯ ಇರೋದೂ ಇಲ್ಲೇ. ಜೀನ್ ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅಂತ ಕಂಪ್ಯೂಟರ್ ಹೆಚ್ಚುಕಮ್ಮಿ ಹೇಳಬಲ್ಲದು. ಆದರೆ ಸ್ವಿಚ್ ಎಲ್ಲಿದೆ, ಅದು ಯಾವ ಅಂಗದ್ದು, ತೆಗೆದರೆ ಮನುಷ್ಯನಿಗೆ ಏನಾಗುತ್ತೆ ಅನ್ನೋದನ್ನು ಬರೀ ಅಕ್ಷರ ಓದಿ ತಿಳಿಯೋದು ಬಹಳ ಕಷ್ಟ. ಮನುಷ್ಯರ ಮೇಲೆ ಕತ್ತರಿ ಆಡಿಸಿ ನೋಡುವಂತಿಲ್ಲ. ಪ್ರಕೃತಿಯೇ ಕತ್ತರಿಸಿಟ್ಟ ಜನ ಬೇಕು. ಉರ್ಕ್‌ನಂಥ ಊರು ಬೇಕು. ಜೀನ್ ಓದಿದರೆ ಸಾಲದು, ಜನ ಬೇಕು. ಅಂದರೆ ಇಲ್ಲಿ ರೋಗಿಗಳು ಬರೀ ಪ್ರಯೋಗಕ್ಕೆ ಒಳಗಾದವರಲ್ಲ. ಅವರಿಲ್ಲದಿದ್ದರೆ ಈ ಜ್ಞಾನಕ್ಕೆ ಬಾಗಿಲೇ ಇರಲಿಲ್ಲ.

ಔಷಧಿ ಬಂತು. ಯಾರಿಗೆ?

ಸ್ಕ್ಲೆರೋಸ್ಟಿನ್ ಇಲ್ಲದಿದ್ದರೆ ಮೂಳೆ ಬೆಳೆಯುತ್ತೆ. ಹಾಗಾದರೆ ಮೂಳೆ ಸವೆದವರಲ್ಲಿ ಸ್ಕ್ಲೆರೋಸ್ಟಿನ್ ಅನ್ನು ಕೆಲಕಾಲ ಕಟ್ಟಿಹಾಕಿದರೆ? ಧೈರ್ಯ ಕೊಟ್ಟಿದ್ದು ಮತ್ತೆ ಅದೇ ಕುಟುಂಬಗಳು. ಒಂದೇ ಕೆಟ್ಟ ಜೀನ್ ಇರುವ ಅಪ್ಪ-ಅಮ್ಮ, ಅಣ್ಣ-ತಂಗಿಯರನ್ನು ಪರೀಕ್ಷಿಸಿದಾಗ ಅವರ ಮೂಳೆ ಗಟ್ಟಿಯಾಗಿತ್ತು, ಕಾಯಿಲೆ ಇರಲಿಲ್ಲ. ಅಂದರೆ ಸ್ಕ್ಲೆರೋಸ್ಟಿನ್ ಸ್ವಲ್ಪ ಕಮ್ಮಿಯಾದರೆ ಅಪಾಯವಿಲ್ಲ, ಲಾಭವೇ ಇದೆ ಅನ್ನೋ ಸುಳಿವು. ಯಾವ ಕಂಪನಿಯೂ ದುಡ್ಡು ಕೊಟ್ಟು ಮಾಡಿಸಲಾಗದ, ಇಡೀ ಆಯಸ್ಸಿನ ಪ್ರಯೋಗ ಅದು.

ಸೆಲ್‌ಟೆಕ್ ಕಂಪನಿ ಆಮ್‌ಜೆನ್ ಜೊತೆ ಕೈಜೋಡಿಸಿತು. 2004ರಲ್ಲಿ ಬೆಲ್ಜಿಯಂನ ಯುಸಿಬಿ ಕಂಪನಿ ಸೆಲ್‌ಟೆಕ್ ಅನ್ನು ಕೊಂಡುಕೊಂಡಿತು. ಹುಟ್ಟಿದ ಪ್ರತಿಕಾಯದ ಹೆಸರು ರೊಮೊಸೊಜುಮ್ಯಾಬ್, ಮಾರುಕಟ್ಟೆಯ ಹೆಸರು ಇವೆನಿಟಿ. ಮುಟ್ಟು ನಿಂತ ನಂತರ ಮೂಳೆ ಸವೆದ 7,180 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಒಂದು ವರ್ಷದಲ್ಲಿ ಬೆನ್ನುಮೂಳೆ ಮುರಿತ, ಔಷಧಿ ಸಿಗದವರಲ್ಲಿ ಶೇ. 1.8, ಸಿಕ್ಕವರಲ್ಲಿ ಶೇ. 0.5. ಇದು ಒಳ್ಳೇ ಫಲಿತಾಂಶ, ಅದರಲ್ಲಿ ಅನುಮಾನ ಬೇಡ. ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡ ಅಜ್ಜಿ ಮತ್ತೆ ಮಂಚ ಬಿಟ್ಟು ಏಳದ ಮನೆಗಳು ನಮ್ಮ ಬೀದಿಯಲ್ಲೂ ಇವೆ. ಇರೋ ಔಷಧಿಗಳಲ್ಲಿ ಬಹುತೇಕ ಮೂಳೆ ಕೆಡವೋದನ್ನು ತಡೆಯುವಂಥವು. ಕಟ್ಟೋದನ್ನು ಜೋರು ಮಾಡುವಂಥವು ಬೆರಳೆಣಿಕೆಯಷ್ಟೇ.

ಅಪಸ್ವರವೂ ಇತ್ತು. 2017ರ ಇನ್ನೊಂದು ಪ್ರಯೋಗದಲ್ಲಿ, ಹಳೆಯ ಅಲೆಂಡ್ರೋನೇಟ್ ಮಾತ್ರೆ ತೆಗೆದುಕೊಂಡವರಲ್ಲಿ ಮೊದಲ ವರ್ಷ ಗಂಭೀರ ಹೃದಯ-ರಕ್ತನಾಳದ ತೊಂದರೆ ಶೇ. 1.9ರಷ್ಟು ಮಂದಿಗೆ ಆದರೆ, ಇದನ್ನು ತೆಗೆದುಕೊಂಡವರಲ್ಲಿ ಶೇ. 2.5. ಹಾಗಾಗಿ 2019ರ ಏಪ್ರಿಲ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಎಚ್ಚರಿಕೆಯನ್ನು ಡಬ್ಬಿಯೊಳಗಿನ ಚೀಟಿಯಲ್ಲಿ ಚೌಕಟ್ಟು ಹಾಕಿ ಮುದ್ರಿಸಬೇಕು ಅಂದಿತು. ಬಿಡುಗಡೆಯಾದಾಗ ಅಮೆರಿಕದಲ್ಲಿ ಪಟ್ಟಿ ಬೆಲೆ ತಿಂಗಳಿಗೆ 1,825 ಡಾಲರ್. 12 ತಿಂಗಳ ಕೋರ್ಸಿಗೆ 21,900 ಡಾಲರ್. ಈಗಿನ ದರದಲ್ಲಿ 18 ಲಕ್ಷ ರೂಪಾಯಿ ಮೀರುತ್ತೆ.

ಸ್ಕ್ಲೆರೋಸ್ಟಿಯೋಸಿಸ್ ಇರುವವರಿಗೆ ಈ ಔಷಧಿಯಿಂದ ಏನೂ ಪ್ರಯೋಜನವಿಲ್ಲ. ಅವರಿಗೆ ಬೇಕಿರೋದು ಇದರ ತದ್ವಿರುದ್ಧ: ಸ್ಕ್ಲೆರೋಸ್ಟಿನ್ ಅನ್ನು ತಡೆಯೋದಲ್ಲ, ಹೊರಗಿನಿಂದ ಕೊಡೋದು. ಇಲಿಗಳ ಮಟ್ಟದಲ್ಲಿ ಅಂಥ ಪ್ರಯತ್ನ ನಡೆದಿದೆ. ಒಪ್ಪಿಗೆ ಪಡೆದ ಔಷಧಿ ಇಲ್ಲ. ಯಾಕಿಲ್ಲ ಅಂತ ತಿಳಿಯೋಕೆ ದೊಡ್ಡ ಅರ್ಥಶಾಸ್ತ್ರ ಬೇಡ. ಮೂಳೆ ಸವೆದವರು ಜಗತ್ತಿನಲ್ಲಿ ಕೋಟಿ ಕೋಟಿ. ಮೂಳೆ ಬೆಳೆಯುತ್ತಲೇ ಇರುವವರು ನೂರರ ಲೆಕ್ಕದಲ್ಲೂ ಸಿಗಲ್ಲ. ಮಾರುಕಟ್ಟೆಗೆ ಅವರ ರಕ್ತ ಬೇಕಿತ್ತು, ಅವರು ಗಿರಾಕಿಗಳಾಗಿ ಬೇಕಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ?

ಇನ್ನೊಂದು ವಿಷಯ ಗಮನಿಸಿ. ಆಫ್ರಿಕಾನರ್‌ಗಳು ಬಡ ಆದಿವಾಸಿಗಳಲ್ಲ. ಡಚ್ ವಲಸಿಗರ ವಂಶಸ್ಥರು. ವರ್ಣಭೇದದ ದಶಕಗಳಲ್ಲಿ ಅಧಿಕಾರವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಸಮುದಾಯ. ಓದು, ಆಸ್ಪತ್ರೆ, ವಕೀಲರು ಎಲ್ಲ ಇದ್ದವರು. ಅಂಥವರಿಗೇ ಈ ಲಾಭದಲ್ಲಿ ಪಾಲು ಕೇಳುವ ಕಾನೂನಿನ ದಾರಿ ಇರಲಿಲ್ಲ. ಹಾಗಿದ್ದ ಮೇಲೆ ಇಂಥ ಯಾವ ಬಲವೂ ಇಲ್ಲದ ಸಮುದಾಯದ ಪಾಡೇನು?

ಬದನೆಗೆ ಇರುವ ಕಾನೂನು ಮನುಷ್ಯರಿಗಿಲ್ಲ

ಅದೇ ದಕ್ಷಿಣ ಆಫ್ರಿಕಾದಲ್ಲಿ ಹೂಡಿಯಾ ಅನ್ನೋ ಗಿಡವಿದೆ. ಹಸಿವು ತಡೆಯೋಕೆ ಸಾನ್ ಬುಡಕಟ್ಟಿನವರು ಅದನ್ನು ಜಗಿಯುತ್ತಿದ್ದರು. ಆ ತಿಳಿವಳಿಕೆ ಬಳಸಿ ಪೇಟೆಂಟ್ ಮಾಡಿದ ಸರ್ಕಾರಿ ಸಂಶೋಧನಾ ಸಂಸ್ಥೆ, ಗಲಾಟೆಯಾದ ಮೇಲೆ 2003ರಲ್ಲಿ ಸಾನ್ ಮಂಡಳಿಯ ಜೊತೆ ಲಾಭ ಹಂಚಿಕೆಯ ಒಪ್ಪಂದಕ್ಕೆ ಸಹಿ ಹಾಕಿತು. ನಮ್ಮ ಪಕ್ಕದ ಕೇರಳದಲ್ಲಿ ಕಾಣಿ ಬುಡಕಟ್ಟಿನವರು ತೋರಿಸಿದ ಆರೋಗ್ಯಪಚ್ಚ ಗಿಡದಿಂದ ಜೀವನಿ ಎಂಬ ಔಷಧಿ ತಯಾರಾದಾಗ, ಲೈಸೆನ್ಸ್ ಹಣ ಮತ್ತು ರಾಯಧನದಲ್ಲಿ ಅರ್ಧ ಪಾಲು ಕಾಣಿಗಳಿಗೆ ಅಂತ ತೀರ್ಮಾನವಾಯಿತು. ಜಾರಿಯಲ್ಲಿ ನೂರೆಂಟು ತಕರಾರು ಇದ್ದವು, ನಿಜ. ಆದರೆ ಪಾಲು ಕೊಡಬೇಕು ಅನ್ನೋ ತತ್ವ ಒಪ್ಪಿಗೆಯಾಗಿತ್ತು.

ಆ ತತ್ವಕ್ಕೆ ನಮ್ಮಲ್ಲಿ ಕಾನೂನಿನ ರೂಪ ಸಿಕ್ಕಿದ್ದು 2002ರ ಜೀವವೈವಿಧ್ಯ ಕಾಯ್ದೆಯಲ್ಲಿ. ಗಿಡ, ಪ್ರಾಣಿ, ಸೂಕ್ಷ್ಮಜೀವಿ, ಅವುಗಳ ಆನುವಂಶಿಕ ವಸ್ತು ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತೆ. ಆದರೆ ವ್ಯಾಖ್ಯೆಯ ಕೊನೆಗೆ ಒಂದು ಮಾತು ಸೇರಿಸಿದ್ದಾರೆ: ಮನುಷ್ಯರ ಆನುವಂಶಿಕ ವಸ್ತು ಇದರಲ್ಲಿ ಸೇರಲ್ಲ. ಬಿಟಿ ಬದನೆಯ ಗದ್ದಲದ ಹೊತ್ತಿನಲ್ಲಿ ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಅನುಮತಿಯಿಲ್ಲದೆ ಬಳಸಿದ್ದಾರೆ ಅಂತ ದೂರು ಕೊಡೋಕೆ ಸಾಧ್ಯವಾಗಿದ್ದು ಇದೇ ಕಾಯ್ದೆಯಿಂದ. ಬದನೆಕಾಯಿಯ ಜೀನ್ ಪರವಾಗಿ ದೂರು ಕೊಡಬಹುದು. ಬದನೆ ಬೆಳೆದವನ ಜೀನ್ ಪರವಾಗಿ ಕೊಡೋಕೆ ಆಗಲ್ಲ.

ಇದನ್ನು ಹೊರಗಿಟ್ಟವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಜೀವವೈವಿಧ್ಯ ಒಪ್ಪಂದದ ಸದಸ್ಯ ದೇಶಗಳು 1995ರಲ್ಲೇ ಮನುಷ್ಯರ ಜೀನ್ ಈ ಚೌಕಟ್ಟಿನೊಳಗೆ ಬರೋದಿಲ್ಲ ಅಂತ ಸ್ಪಷ್ಟಪಡಿಸಿದ್ದವು. ಮನುಷ್ಯನನ್ನು ಕಾಡು, ಗಣಿಯ ಥರ ಸಂಪನ್ಮೂಲ ಅಂತ ಕರೆಯಬಾರದು ಅನ್ನೋ ಘನತೆಯ ಮಾತು ಅದರ ಹಿಂದಿದೆ. ಆದರೆ ಆಗಿದ್ದೇನು? ಸಂಪನ್ಮೂಲ ಅಂತ ಕರೆಯಲಿಲ್ಲ, ಸಂಪನ್ಮೂಲದಂತೆ ಬಳಸೋದು ನಿಲ್ಲಲೂ ಇಲ್ಲ. ಘನತೆಯ ಹೆಸರಲ್ಲಿ ಬಿಟ್ಟ ಖಾಲಿ ಜಾಗದಲ್ಲಿ ಮಾರುಕಟ್ಟೆ ಬಂದು ಕೂತಿತು.

ಬೇರೆ ಕಾನೂನುಗಳಿಲ್ವಾ ಅಂತ ಕೇಳಬಹುದು. 2019ರ ಔಷಧ ಪ್ರಯೋಗ ನಿಯಮಗಳಲ್ಲಿ ಪ್ರಯೋಗಕ್ಕೆ ಒಳಗಾದವರಿಗೆ ಪರಿಹಾರ, ಕೆಲವು ಸಂದರ್ಭಗಳಲ್ಲಿ ಪ್ರಯೋಗದ ನಂತರವೂ ಉಚಿತ ಔಷಧಿ ಇದೆ. ಆದರೆ ಅದು ಔಷಧಿಯ ಪ್ರಯೋಗಕ್ಕೆ ಒಳಗಾದವರಿಗೆ. ಇಪ್ಪತ್ತು ವರ್ಷ ಹಿಂದೆ ರಕ್ತ ಕೊಟ್ಟವರಿಗಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಲ್ಲಿ ಲಾಭ ಹಂಚಿಕೆಯ ಮಾತಿದೆ. ಆದರೆ ಮಾರ್ಗಸೂಚಿ ಕಾಯ್ದೆಯಲ್ಲ. 2019ರ ದತ್ತಾಂಶ ರಕ್ಷಣಾ ಮಸೂದೆ ಆನುವಂಶಿಕ ಮಾಹಿತಿಯನ್ನು ಸೂಕ್ಷ್ಮ ಮಾಹಿತಿ ಅಂತ ಬೇರೆಯಾಗಿ ಗುರುತಿಸಿತ್ತು. 2023ರಲ್ಲಿ ಕಾಯ್ದೆಯಾಗುವಾಗ ಆ ವರ್ಗವೇ ಮಾಯ. ಮೇಲಿಂದ ಸಂಶೋಧನೆಗೆ ವಿನಾಯಿತಿ ಬೇರೆ.

ಹಂದಿಗೋಡು ಮತ್ತು ಜಾತಿಯ ಗೋಡೆ

ಈಗ ಸಾಗರದ ಕಡೆ ಬನ್ನಿ. 1970ರ ದಶಕದ ನಡುವಿನಲ್ಲಿ ಹಂದಿಗೋಡು ಎಂಬ ಹಳ್ಳಿಯಲ್ಲಿ ಜನ ಸೊಂಟ, ಮಂಡಿ ನೋವಿನಿಂದ ಒಬ್ಬೊಬ್ಬರಾಗಿ ನಡೆಯಲಾರದೆ ಕೂರತೊಡಗಿದರು. ಕೆಲವರ ಎತ್ತರವೇ ಕುಂಠಿತವಾಯಿತು. ಬಾಧೆಗೊಳಗಾದವರು ಬಹುತೇಕ ಚನ್ನಂಗಿ ಮತ್ತು ಚಲವಾದಿ ದಲಿತ ಸಮುದಾಯದವರು, ಕೂಲಿ ಮಾಡುವವರು. ಗದ್ದೆಗೆ ಹೊಡೆದ ಕೀಟನಾಶಕ ಏಡಿ-ಮೀನಿನ ಮೂಲಕ ದೇಹಕ್ಕೆ ಸೇರಿದೆ ಅಂತ ಮೊದಲು ಅನುಮಾನಪಟ್ಟರು. ಮುಂದೆ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ಇದು ತಲೆಮಾರಿನಿಂದ ತಲೆಮಾರಿಗೆ ಹರಿಯುವ ಆನುವಂಶಿಕ ಕಾಯಿಲೆ ಅಂದವು. ವೈದ್ಯ ಪತ್ರಿಕೆಗಳಲ್ಲಿ ಇದಕ್ಕೆ ಹಂದಿಗೋಡು ಕಾಯಿಲೆ ಅಂತಲೇ ಹೆಸರು.

ಇದು ಸ್ಕ್ಲೆರೋಸ್ಟಿಯೋಸಿಸ್ ಅಲ್ಲ. ಅಲ್ಲಿ ಮೂಳೆ ಅತಿಯಾಗಿ ಬೆಳೆಯುತ್ತೆ. ಇಲ್ಲಿ ಬೆನ್ನುಮೂಳೆ ಮತ್ತು ಕೀಲುಗಳ ಬೆಳವಣಿಗೆಯೇ ಎಡವುತ್ತೆ. ಆದರೆ ಸಾಮಾಜಿಕ ಚಿತ್ರ ಒಂದೇ: ಒಂದು ಪುಟ್ಟ ಸಮುದಾಯ, ಒಳಗೊಳಗಿನ ಮದುವೆ, ಅಪರೂಪದ ಆನುವಂಶಿಕ ಬದಲಾವಣೆ, ದಶಕಗಳ ಕಾಲ ಬಂದುಹೋದ ಅಧ್ಯಯನ ತಂಡಗಳು. ವ್ಯತ್ಯಾಸ ಅಂದ್ರೆ, ಉರ್ಕ್ ಅನ್ನು ಪ್ರತ್ಯೇಕವಾಗಿಟ್ಟಿದ್ದು ಸಮುದ್ರ. ಹಂದಿಗೋಡಿನ ಜನರನ್ನು ಪ್ರತ್ಯೇಕವಾಗಿಟ್ಟಿದ್ದು ಜಾತಿ.

ಈ ಜಾತಿಯ ಗೋಡೆ ಜೀನ್ ಹುಡುಕುವವರಿಗೆ ಎಷ್ಟು ಉಪಯುಕ್ತ ಅನ್ನೋದಕ್ಕೆ 2017ರ ಒಂದು ಅಧ್ಯಯನ ಸಾಕ್ಷಿ. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರೀಕ್ಷಿಸಿದಾಗ, 81 ಗುಂಪುಗಳಲ್ಲಿ ಒಳಮದುವೆಯ ಆನುವಂಶಿಕ ಗುರುತು ಫಿನ್‌ಲೆಂಡ್ ಜನರಿಗಿಂತ, ಯುರೋಪಿನ ಅಶ್ಕೆನಾಜಿ ಯಹೂದಿಗಳಿಗಿಂತ ಬಲವಾಗಿತ್ತು. ಆನುವಂಶಿಕ ಕಾಯಿಲೆಗಳ ಸಂಶೋಧನೆಯಲ್ಲಿ ಆ ಎರಡೂ ಸಮುದಾಯಗಳು ಜಗತ್ಪ್ರಸಿದ್ಧ. ಅಂದರೆ ಭಾರತದಲ್ಲಿ ಒಂದಲ್ಲ, ಹತ್ತಾರು ಉರ್ಕ್‌ಗಳಿವೆ. ಆರ್ಯವೈಶ್ಯರಲ್ಲಿ ಕೆಲವರಿಗೆ ಅರಿವಳಿಕೆಯ ಹೊತ್ತಿಗೆ ಕೊಡುವ ಒಂದು ಸ್ನಾಯು ಸಡಿಲಿಕೆಯ ಔಷಧಿ ಆಗಿಬರಲ್ಲ ಅನ್ನೋದು ವೈದ್ಯರಿಗೆ ಗೊತ್ತಿರುವ ಹಳೇ ಉದಾಹರಣೆ.

ಈ ಹಿನ್ನೆಲೆಯಲ್ಲಿ ಜೀನೋಮ್ ಇಂಡಿಯಾ ಯೋಜನೆಯನ್ನು ನೋಡಿ. 83 ಜನಸಮುದಾಯಗಳ ಸುಮಾರು 10,000 ಜನರ ಜೀನೋಮ್. ಸಮನ್ವಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ್ದು. 2025ರ ಜನವರಿಯಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ತೆರೆಯುವ ಘೋಷಣೆಯಾಯಿತು. ದತ್ತಾಂಶ ಇರೋದು ಫರೀದಾಬಾದ್‌ನ ಸರ್ಕಾರಿ ಕೇಂದ್ರದಲ್ಲಿ. ಇದು ಆಗಬೇಕಾಗಿದ್ದ ಕೆಲಸ. ಯುರೋಪಿಯನ್ನರ ಜೀನೋಮ್ ಇಟ್ಟುಕೊಂಡು ನಮ್ಮ ಕಾಯಿಲೆಗಳನ್ನು ಅಳೆಯೋದು ಎಷ್ಟು ದಿನ? ಆದರೆ ಈ ಭಂಡಾರದಿಂದ ನಾಳೆ ಒಂದು ಇಸಿಆರ್5 ಸಿಕ್ಕಿ, ನಾಡಿದ್ದು ಅದರಿಂದ ಔಷಧಿ ಹುಟ್ಟಿದರೆ, ಆ ಸಮುದಾಯ ಪಾಲು ಕೇಳೋಕೆ ಯಾವ ಕಾಯ್ದೆಯ ಯಾವ ಸೆಕ್ಷನ್ ಹಿಡಿದುಕೊಂಡು ಹೋಗಬೇಕು?

ಕಂಪನಿಗಳ ವಾದದಲ್ಲೂ ಹುರುಳಿದೆ

ಎದುರು ವಾದವನ್ನು ಕೇಳದೆ ಮುಂದೆ ಹೋಗೋದು ಸರಿಯಲ್ಲ. ಜೀನ್ ಸಿಕ್ಕಿದ್ದು 2001ರಲ್ಲಿ, ಔಷಧಿ ಬಂದಿದ್ದು 2019ರಲ್ಲಿ. ನಡುವಿನ 18 ವರ್ಷದ ಖರ್ಚು, ಸೋಲುವ ಭಯ ಎಲ್ಲ ಹೊತ್ತಿದ್ದು ಕಂಪನಿಗಳು. ಬರೀ ರಕ್ತದಿಂದ ಔಷಧಿ ಆಗಲ್ಲ. ಪ್ರಕೃತಿಯಲ್ಲಿರುವ ಡಿಎನ್‌ಎ ಯಾರ ಸ್ವತ್ತೂ ಅಲ್ಲ ಅಂತ 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪೇಟೆಂಟ್ ವಿವಾದವೊಂದರಲ್ಲಿ ಹೇಳಿತ್ತು. ಕಂಪನಿಯ ಸ್ವತ್ತಲ್ಲ ಅಂದ ಮೇಲೆ ಕುಟುಂಬದ ಸ್ವತ್ತೂ ಅಲ್ಲ ತಾನೇ? ಇನ್ನೂ ಒಂದು: ರಕ್ತಕ್ಕೆ ದುಡ್ಡು ಅಂತಾದರೆ, ಕಿಡ್ನಿ ದಂಧೆ ನೋಡಿದ ನಮ್ಮ ದೇಶದಲ್ಲಿ ಬಡವರ ಮನೆ ಬಾಗಿಲಿಗೆ ದಲ್ಲಾಳಿಗಳು ಬರೋಕೆ ಎಷ್ಟು ಹೊತ್ತು?

ಮೂರೂ ಗಟ್ಟಿ ವಾದಗಳೇ. ಆದರೆ ಇವು ಉತ್ತರಿಸೋದು ರಕ್ತಕ್ಕೆ ಬೆಲೆ ಕಟ್ಟಬೇಕಾ ಅನ್ನೋ ಪ್ರಶ್ನೆಗೆ. ಇಲ್ಲಿರುವ ಪ್ರಶ್ನೆ ಅದಲ್ಲ. ಯಾರ ನೋವಿನಿಂದ ಜ್ಞಾನ ಹುಟ್ಟಿತೋ ಅವರ ನೋವಿಗೆ ಆ ಜ್ಞಾನದ ಗಳಿಕೆಯಲ್ಲಿ ಒಂದು ಭಾಗ ವಾಪಸ್ ಹೋಗಬೇಕೋ ಬೇಡವೋ ಅನ್ನೋದು. ಸ್ಕ್ಲೆರೋಸ್ಟಿಯೋಸಿಸ್ ಕುಟುಂಬಗಳ ಬ್ಯಾಂಕ್ ಖಾತೆಗೆ ದುಡ್ಡು ಹಾಕಿ ಅಂತ ಯಾರೂ ಕೇಳಬೇಕಿಲ್ಲ. ಅವರ ಶಸ್ತ್ರಚಿಕಿತ್ಸೆಯ ಖರ್ಚು, ಶ್ರವಣ ಸಾಧನ, ಅವರ ಕಾಯಿಲೆಗೇ ಔಷಧಿ ಹುಡುಕುವ ಸಂಶೋಧನೆ, ಇಷ್ಟಕ್ಕೆ ಮಾರಾಟದ ಒಂದು ಸಣ್ಣ ಪಾಲು ಅಂತ ನಿಯಮವಿದ್ದಿದ್ದರೆ? 100 ಕೋಟಿ ಡಾಲರ್‌ನಲ್ಲಿ ಸಾವಿರಕ್ಕೆ ಒಂದು ಅಂದರೂ ವರ್ಷಕ್ಕೆ 10 ಲಕ್ಷ ಡಾಲರ್. ನೂರು ಜನರೂ ಇಲ್ಲದ ಕಾಯಿಲೆಗೆ ಅದು ದೊಡ್ಡ ಮೊತ್ತ. ಕಂಪನಿಯ ಲೆಕ್ಕಪುಸ್ತಕದಲ್ಲಿ ಅದು ಕಣ್ಣಿಗೂ ಬೀಳಲ್ಲ.

ನಾವು ಏನು ಕೇಳಬೇಕು

ಮೊದಲನೆಯದು, ಕಾಯ್ದೆ. ಮಾನವ ಮಾದರಿಗಳಿಂದ ವಾಣಿಜ್ಯ ಉತ್ಪನ್ನ ಬಂದಾಗ ಲಾಭದ ನಿಗದಿತ ಪಾಲು ಒಂದು ಸಾರ್ವಜನಿಕ ನಿಧಿಗೆ ಹೋಗಬೇಕು, ಆ ನಿಧಿ ಮೊದಲು ಮಾದರಿ ಕೊಟ್ಟ ಸಮುದಾಯದ ಚಿಕಿತ್ಸೆಗೆ ಸಿಗಬೇಕು. ವ್ಯಕ್ತಿಗೆ ಹಣ ಅಲ್ಲ, ಸಮುದಾಯಕ್ಕೆ ಆರೋಗ್ಯ. ದಲ್ಲಾಳಿಗಳ ಭಯಕ್ಕೆ ಇದೇ ಉತ್ತರ.

ಎರಡನೆಯದು, ಒಪ್ಪಿಗೆ ಪತ್ರ. ರಕ್ತ ತೆಗೆಯುವಾಗ ಸಹಿ ಹಾಕಿಸಿಕೊಳ್ಳುವ ಕಾಗದ ಆ ಜನರ ಭಾಷೆಯಲ್ಲಿರಬೇಕು. ಮಾದರಿ ಎಲ್ಲಿಗೆ ಹೋಗುತ್ತೆ, ಕಂಪನಿಗಳಿಗೆ ಸಿಗುತ್ತಾ, ಮುಂದೆ ಬೇಡ ಅನ್ನಬಹುದಾ ಅಂತ ಬಿಡಿಸಿ ಬರೆದಿರಬೇಕು. ಫಲಿತಾಂಶವನ್ನು ಹಳ್ಳಿಗೆ ಬಂದು ಹೇಳೋದು ಸಂಶೋಧಕರ ಉಪಕಾರವಲ್ಲ, ಕರ್ತವ್ಯ ಆಗಬೇಕು. ಸಾನ್ ಸಮುದಾಯ 2017ರಲ್ಲಿ ಸಂಶೋಧಕರಿಗೆ ತಾನೇ ಒಂದು ನೀತಿಸಂಹಿತೆ ಬರೆದುಕೊಟ್ಟಿತು. ನಮ್ಮಲ್ಲಿ ಅಂಥದ್ದನ್ನು ಬರೆಯೋ ಹಕ್ಕು ಗ್ರಾಮಸಭೆಗೆ ಯಾಕಿರಬಾರದು?

ಮೂರನೆಯದು, ಆನುವಂಶಿಕ ಮಾಹಿತಿಯನ್ನು ಸೂಕ್ಷ್ಮ ಮಾಹಿತಿ ಅಂತ ಮತ್ತೆ ಗುರುತಿಸೋದು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಜೀನೋಮ್ ಬದಲಿಸೋಕೆ ಆಗಲ್ಲ. ಅದು ಒಬ್ಬರದ್ದೂ ಅಲ್ಲ. ಅಣ್ಣ ಕೊಟ್ಟರೆ ತಂಗಿಯದ್ದೂ ಅರ್ಧ ಹೊರಗೆ ಬಂದಂತೆ. ಜಾತಿಯ ಹೆಸರಿನ ಜೊತೆ ಕಾಯಿಲೆಯ ಹೆಸರು ಅಂಟಿಕೊಂಡರೆ ಆಗುವ ಗಾಯವೇ ಬೇರೆ. ಹಂದಿಗೋಡು ಅನ್ನೋ ಊರ ಹೆಸರೇ ಕಾಯಿಲೆಯ ಹೆಸರಾಗಿದೆ. ಆ ಊರಿನ ಹುಡುಗಿಗೆ ಸಂಬಂಧ ನೋಡುವಾಗ ಅದರ ಅರ್ಥ ಏನು ಅಂತ ಯೋಚಿಸಿ.

ಕೋಪ ವಿಜ್ಞಾನದ ಮೇಲೆ ತಿರುಗಬಾರದು ಅನ್ನೋದನ್ನೂ ಸೇರಿಸಿಯೇ ಹೇಳಬೇಕು. ಇಸಿಆರ್5 ಸಿಕ್ಕಿದ್ದು ಸಾರ್ವಜನಿಕ ಪ್ರಯೋಗಾಲಯದಲ್ಲಿ, ಪ್ರಕಟವಾಗಿದ್ದು ಎಲ್ಲರಿಗೂ ತಿಳಿಯುವಂತೆ. ಅಂಥ ಕೆಲಸ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಇನ್ನಷ್ಟು ನಡೆಯಬೇಕು. ಹಂದಿಗೋಡಿನ ನೋವಿಗೂ ಉತ್ತರ ಬರೋದಿದ್ದರೆ ಅಂಥ ಲ್ಯಾಬ್‌ಗಳಿಂದಲೇ ಬರಬೇಕು.

ಉರ್ಕ್‌ನ ಕುಟುಂಬಗಳು ಕಲಿಸಿದ್ದು ಇಷ್ಟು: ಜೀನ್ ಎಷ್ಟೇ ಸರಿಯಿದ್ದರೂ ಅದನ್ನು ಯಾವಾಗ ಆನ್ ಮಾಡಬೇಕು ಅಂತ ಹೇಳುವ ಆ ಪುಟ್ಟ ತುಂಡು ಇಲ್ಲದಿದ್ದರೆ ಮೂಳೆ ಅಳತೆ ಮೀರಿ ಬೆಳೆದು ಮನುಷ್ಯನನ್ನೇ ಒತ್ತುತ್ತೆ. ಲಾಭಕ್ಕೆ "ಇಷ್ಟು ಸಾಕು, ಉಳಿದದ್ದು ಅವರಿಗೆ ಸೇರಲಿ" ಅಂತ ಹೇಳುವ ತುಂಡು ನಮ್ಮ ಕಾನೂನು ಪುಸ್ತಕದಲ್ಲಿ ಇನ್ನೂ ಬರೆದಿಲ್ಲ. ಜೀನೋಮ್ ಭಂಡಾರದ ಬಾಗಿಲು ಈಗಾಗಲೇ ತೆರೆದಿದೆ. ಮುಂದಿನ ಬಾರಿ ನಿಮ್ಮ ಸಂಸದರು ವೋಟು ಕೇಳೋಕೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ನಮ್ಮ ರಕ್ತದ ಲೆಕ್ಕ ಯಾರ ಪುಸ್ತಕದಲ್ಲಿದೆ?